ನ್ಯೂಜಿಲೆಂಡ್: ಮುಳುಗಿದ ಖಂಡದ ನೆತ್ತಿಯ ಮೇಲಿನ ದೇಶ

ನ್ಯೂಜಿಲೆಂಡನ್ನು ಭೂಗೋಳ, ವನ್ಯಜೀವಿ, ಇತಿಹಾಸ, ಸಾಗರ ಎಂದು ನಾಲ್ಕು ಬೇರೆ ಬೇರೆ ಪಾಠಗಳಾಗಿ ಓದಿದರೆ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆಯೇ ಹೊರತು ಅವುಗಳ ನಡುವಿನ ನಂಟು ಕೈಗೆ ಸಿಗುವುದಿಲ್ಲ. ನಾನೂ ಮೊದಲ ಸಲ ಹಾಗೆಯೇ ಓದಿ, ಸಾಗರದ ಭಾಗವನ್ನು ಕೊನೆಗೆ ಇಟ್ಟುಕೊಂಡು, ಅವಸರದಲ್ಲಿ ಮುಗಿಸಿದ್ದೆ. ಈ ಟಿಪ್ಪಣಿಯಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ಈ ದೇಶದ ಬೆಟ್ಟ, ಹಕ್ಕಿ, ಒಪ್ಪಂದಪತ್ರ ಯಾವುದನ್ನು ಹಿಡಿದು ಹೊರಟರೂ ಜಾಡು ಸಮುದ್ರಕ್ಕೇ ಹೋಗಿ ಸೇರುವುದರಿಂದ ಮೊದಲು ಸಮುದ್ರತಳವನ್ನು ನೋಡುವುದು ಒಳ್ಳೆಯದು.

ನ್ಯೂಜಿಲೆಂಡಿನ ನೆಲದ ವಿಸ್ತೀರ್ಣ ಸುಮಾರು 2.68 ಲಕ್ಷ ಚದರ ಕಿ.ಮೀ. ಅದರ ಸುತ್ತಲಿನ ವಿಶೇಷ ಆರ್ಥಿಕ ವಲಯದ, ಅಂದರೆ ಸಂಪನ್ಮೂಲಗಳ ಹಕ್ಕು ಈ ದೇಶಕ್ಕೇ ಇರುವ ಸಮುದ್ರವಾದರೋ ಸುಮಾರು 40 ಲಕ್ಷ ಚದರ ಕಿ.ಮೀ., ಅಂದರೆ ನೆಲದ ಹದಿನೈದು ಪಟ್ಟು. ಆ ನೀರಿನ ಅಡಿಯಲ್ಲಿ ಹರಡಿಕೊಂಡಿರುವುದು ಜೀಲ್ಯಾಂಡಿಯಾ. ಅದು ಸುಮಾರು 49 ಲಕ್ಷ ಚದರ ಕಿ.ಮೀ. ವಿಸ್ತಾರದ, ಶೇಕಡಾ 94ರಷ್ಟು ಮುಳುಗಿರುವ ಭೂಭಾಗ. ಅದನ್ನು ಪ್ರತ್ಯೇಕ ಖಂಡವೆಂದೇ ಪರಿಗಣಿಸಬೇಕೆಂದು ಭೂವಿಜ್ಞಾನಿಗಳ ತಂಡವೊಂದು 2017ರಲ್ಲಿ ವಾದ ಮಂಡಿಸಿತು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕಲ್ಪನೆಯೆಂದರೆ, ಸಮುದ್ರದ ಮಟ್ಟ ಏರಿ ಈ ಖಂಡ ಮುಳುಗಿತು ಎಂಬುದು. ವಾಸ್ತವದಲ್ಲಿ ಸುಮಾರು 8 ಕೋಟಿ ವರ್ಷಗಳ ಹಿಂದೆ ಗೊಂಡ್ವಾನಾ ಎಂಬ ಪ್ರಾಚೀನ ಮಹಾಖಂಡದಿಂದ ಬೇರ್ಪಡುವಾಗ ಅದರ ಭೂತೊಗಟೆ ಎಳೆದ ಹಿಟ್ಟಿನಂತೆ ತೆಳುವಾಯಿತು. ತೆಳುವಾದ ತೊಗಟೆ ಕೆಳಗಿನ ಪದರದ ಮೇಲೆ ದಪ್ಪ ತೊಗಟೆಯಷ್ಟು ಎತ್ತರಕ್ಕೆ ತೇಲಲಾರದೆ ತಗ್ಗಿಗೆ ಇಳಿಯಿತು. ಹಾಗಾದರೆ ಉಳಿದ ಶೇಕಡಾ 6 ಭಾಗ ಏಕೆ ಮೇಲಿದೆ ಎಂದು ಕೇಳಿದರೆ, ಉತ್ತರ ಭೂಫಲಕಗಳ, ಅಂದರೆ ಭೂಮಿಯ ಹೊರಚಿಪ್ಪಿನ ಚಲಿಸುವ ತುಂಡುಗಳ, ಗಡಿಯಲ್ಲಿದೆ.

ಪೆಸಿಫಿಕ್ ಮತ್ತು ಆಸ್ಟ್ರೇಲಿಯಾ ಫಲಕಗಳ ಗಡಿ ಈ ದೇಶವನ್ನು ಸೀಳಿಕೊಂಡೇ ಸಾಗುತ್ತದೆ. ಉತ್ತರ ದ್ವೀಪದ ಪೂರ್ವಕ್ಕೆ ಪೆಸಿಫಿಕ್ ಫಲಕ ಆಸ್ಟ್ರೇಲಿಯಾ ಫಲಕದ ಅಡಿಗೆ ಜಾರುತ್ತಿದ್ದರೆ, ದಕ್ಷಿಣ ದ್ವೀಪದ ತುದಿಯಾಚೆ ಆಸ್ಟ್ರೇಲಿಯಾ ಫಲಕವೇ ಪೆಸಿಫಿಕ್ ಫಲಕದ ಅಡಿಗೆ ನುಗ್ಗುತ್ತದೆ. ಈ ಎರಡು ವಿರುದ್ಧ ಚಲನೆಗಳ ನಡುವೆ, ದಕ್ಷಿಣ ದ್ವೀಪದ ಉದ್ದಕ್ಕೂ, ಫಲಕಗಳು ಪಕ್ಕಕ್ಕೆ ಉಜ್ಜಿಕೊಂಡು ಸಾಗುವ ಆಲ್ಪೈನ್ ಸ್ತರಭಂಗವಿದೆ. ಅಡಿಗೆ ಜಾರಿದ ಫಲಕದಿಂದ ಹೊರಬರುವ ನೀರು ಮೇಲಿನ ಬಂಡೆ ಕರಗಲು ಕಾರಣವಾಗುವುದರಿಂದ ಉತ್ತರ ದ್ವೀಪದ ನಡುಭಾಗದಲ್ಲಿ ಜ್ವಾಲಾಮುಖಿಗಳಿವೆ. ಟೌಪೊ ಸರೋವರವೇ ಒಂದು ಮಹಾ ಜ್ವಾಲಾಮುಖಿಯ ಕುಸಿದ ಬಾಯಿ. ದಕ್ಷಿಣದಲ್ಲಿ ಉಜ್ಜುವಿಕೆಯ ಜೊತೆಗೆ ಒತ್ತಡವೂ ಇರುವುದರಿಂದ ಸದರ್ನ್ ಆಲ್ಪ್ಸ್ ಎದ್ದು ನಿಂತಿದೆ.

ಆ ಶ್ರೇಣಿಯ ಅತಿ ಎತ್ತರದ ಶಿಖರ ಔರಾಕಿ, ಅಥವಾ ಮೌಂಟ್ ಕುಕ್. ಹಳೆಯ ಪುಸ್ತಕಗಳಲ್ಲಿ ಅದರ ಎತ್ತರ 3,764 ಮೀಟರ್, ಆಮೇಲಿನವುಗಳಲ್ಲಿ 3,754, ಈಚಿನವುಗಳಲ್ಲಿ 3,724 ಎಂದಿರುತ್ತದೆ. ಮೂರೂ ಅಚ್ಚಿನ ತಪ್ಪಲ್ಲ. 1991ರ ಡಿಸೆಂಬರಿನಲ್ಲಿ ಶಿಖರದ ನೆತ್ತಿಯ ಬಂಡೆ ಮತ್ತು ಹಿಮ ಕುಸಿದು ಎತ್ತರ ಕಡಿಮೆಯಾಯಿತು, ಉಳಿದ ಹಿಮದ ಟೋಪಿ ಕ್ರಮೇಣ ಸವೆಯಿತು, 2013ರಲ್ಲಿ ಉಪಗ್ರಹ ಆಧಾರಿತ ಉಪಕರಣದಿಂದ ಮತ್ತೆ ಅಳೆದಾಗ ಈಗಿನ ಸಂಖ್ಯೆ ಸಿಕ್ಕಿತು. ಇದೇ ಗೋಡೆಯಂತಹ ಶ್ರೇಣಿ ಪಶ್ಚಿಮದ ತೇವಭರಿತ ಗಾಳಿಯನ್ನು ತಡೆಯುವುದರಿಂದ ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಬೆಟ್ಟದ ಆಚೆಗಿನ ಮಳೆನೆರಳಿನಲ್ಲಿರುವ ಸೆಂಟ್ರಲ್ ಒಟಾಗೊದ ಕೆಲವೆಡೆ 400 ಮಿ.ಮೀ. ಕೂಡ ಆಗುವುದಿಲ್ಲ.

ವನ್ಯಜೀವಿಗಳ ಭಾಗಕ್ಕೆ ಬಂದರೆ, ನೆನಪಿಡಬೇಕಾದ ಮೊದಲ ಸಂಗತಿ ಒಂದು ಕೊರತೆ. ಮನುಷ್ಯರು ಕಾಲಿಡುವ ಮುನ್ನ ಇಲ್ಲಿ ಬಾವಲಿಗಳನ್ನು ಬಿಟ್ಟರೆ ನೆಲದ ಸಸ್ತನಿಗಳೇ ಇರಲಿಲ್ಲ. ಹುಲ್ಲು ಸೊಪ್ಪು ಮೇಯುವ ಕೆಲಸವನ್ನು ಹಾರಲಾರದ ಮೋವಾ ಹಕ್ಕಿಗಳು ವಹಿಸಿಕೊಂಡವು, ಅವುಗಳನ್ನು ಬೇಟೆಯಾಡುವ ಕೆಲಸವನ್ನು ಹಾಸ್ಟ್ ಹದ್ದು ವಹಿಸಿಕೊಂಡಿತು, ರಾತ್ರಿ ನೆಲ ಕೆದಕಿ ಹುಳ ಹುಡುಕುವ ಕೆಲಸ ಕಿವಿ ಎಂಬ ಹಕ್ಕಿಯ ಪಾಲಾಯಿತು. ಕೊಕ್ಕಿನ ತುದಿಯಲ್ಲೇ ಮೂಗಿನ ಹೊಳ್ಳೆಗಳಿರುವ ಈ ಹಕ್ಕಿ ವಾಸನೆ ಹಿಡಿದು ಆಹಾರ ಹುಡುಕುತ್ತದೆ. ಆದರೆ ಇವೆಲ್ಲ ಗೊಂಡ್ವಾನಾದಿಂದಲೇ ನೆಲದ ಜೊತೆ ತೇಲಿಬಂದವು ಎಂದು ಬರೆದುಬಿಡಬಾರದು. ಪ್ರಾಚೀನ ಡಿಎನ್‌ಎಯ ಅಧ್ಯಯನದಿಂದ ಕಿವಿಗೆ ಅತಿ ಹತ್ತಿರದ ಬಂಧು ಪಕ್ಕದಲ್ಲೇ ಇದ್ದ ಮೋವಾ ಅಲ್ಲ, ದೂರದ ಮಡಗಾಸ್ಕರಿನ ಅಳಿದುಹೋದ ಆನೆಹಕ್ಕಿ ಎಂದು ತಿಳಿದುಬಂದಿದೆ. ಹಾಗಾಗಿ ಕಿವಿಯ ಪೂರ್ವಜರು ಹಾರಿ ಬಂದು, ಇಲ್ಲಿ ಹಾರುವುದನ್ನು ಬಿಟ್ಟಿರಬೇಕು. ಹೊರಗಿನಿಂದ ಬಾರದೆ ಇಲ್ಲೇ ಉಳಿದದ್ದಕ್ಕೆ ಉದಾಹರಣೆ ಬೇಕಿದ್ದರೆ ಟುವಾಟಾರವನ್ನು ಕೊಡುವುದು ಹೆಚ್ಚು ಸುರಕ್ಷಿತ. ಹಲ್ಲಿಯಂತೆ ಕಂಡರೂ ಅದು ಹಲ್ಲಿಯಲ್ಲ, ತನ್ನ ಗಣದಲ್ಲಿ ಬದುಕಿ ಉಳಿದಿರುವ ಒಂದೇ ಸರೀಸೃಪ.

ಹಾರಲಾರದ ಗಿಳಿಯಾದ ಕಾಕಾಪೊವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇಡೀ ಕಥೆ ಅರ್ಥವಾಗುತ್ತದೆ. ಪಾಚಿಯ ಬಣ್ಣದ ಈ ಹಕ್ಕಿ ಅಪಾಯ ಕಂಡಾಗ ಓಡುವುದಿಲ್ಲ, ಇದ್ದಲ್ಲೇ ಅಲುಗದೆ ನಿಲ್ಲುತ್ತದೆ. ಆಕಾಶದಿಂದ ಕಣ್ಣಿಟ್ಟು ನೋಡುವ ಹದ್ದಿನ ಎದುರು ಅದು ಸರಿಯಾದ ಉಪಾಯ. ವಾಸನೆ, ಸದ್ದು ಹಿಡಿದು ಬೇಟೆಯಾಡುವ ಬೆಕ್ಕು ಮತ್ತು ಮುಂಗುಸಿಯಂತಹ ಸ್ಟೋಟ್‌ಗಳ ಎದುರು ಅದು ತಾನಾಗಿಯೇ ಶರಣಾದಂತೆ. ಮೊಲಗಳನ್ನು ಹತೋಟಿಗೆ ತರಲೆಂದು 1880ರ ದಶಕದಲ್ಲಿ ಸ್ಟೋಟ್‌ಗಳನ್ನು ತಂದು ಬಿಟ್ಟವರು ಇದನ್ನು ಯೋಚಿಸಿರಲಿಲ್ಲ, ಅಥವಾ ಎಚ್ಚರಿಕೆಗಳಿಗೆ ಕಿವಿಗೊಡಲಿಲ್ಲ. ಜೊತೆಗೆ, ರಿಮು ಮರ ಹೇರಳವಾಗಿ ಕಾಯಿ ಬಿಡುವ ವರ್ಷಗಳಲ್ಲಷ್ಟೇ, ಅಂದರೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ, ಕಾಕಾಪೊ ಮರಿ ಮಾಡುತ್ತದೆ. 1995ರಲ್ಲಿ ಉಳಿದಿದ್ದವು 51. ಪರಭಕ್ಷಕಗಳಿಲ್ಲದ ದ್ವೀಪಗಳಿಗೆ ಸಾಗಿಸಿ, ಒಂದೊಂದಕ್ಕೂ ಹೆಸರಿಟ್ಟು ಕಾಪಾಡಿದ ಮೇಲೆ ಸಂಖ್ಯೆ 200ನ್ನು ದಾಟಿದೆ.

ಇತಿಹಾಸದಲ್ಲಿ ಮೊದಲ ಪುಟವೂ ಸಮುದ್ರಯಾನದ್ದೇ. ಪೂರ್ವ ಪಾಲಿನೇಷ್ಯಾದಿಂದ ಹೊರಟ, ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಪೂರ್ವಜರು ಸುಮಾರು 1250ರಿಂದ 1300ರ ನಡುವೆ ವಾಕಾ ಎಂಬ ದೋಣಿಗಳಲ್ಲಿ ಇಲ್ಲಿಗೆ ಬಂದರು. ಅವರ ಜೊತೆಗೆ ಕುಮರಾ ಗೆಣಸು, ನಾಯಿ, ಇಲಿಗಳೂ ಬಂದವು. ಅದಾದ ಒಂದೆರಡು ಶತಮಾನಗಳೊಳಗೆ ಮೋವಾ ಹಕ್ಕಿಗಳೂ ಅವುಗಳನ್ನೇ ನಂಬಿದ್ದ ಹಾಸ್ಟ್ ಹದ್ದೂ ಇಲ್ಲವಾದವು. 1642ರಲ್ಲಿ ಡಚ್ಚರ ಏಬಲ್ ಟಾಸ್ಮನ್ ಬಂದನಾದರೂ ಘರ್ಷಣೆಯಲ್ಲಿ ನಾಲ್ವರು ನಾವಿಕರನ್ನು ಕಳೆದುಕೊಂಡು ದಡ ಹತ್ತದೆ ಮುಂದೆ ಸಾಗಿದ. 1769ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಬಂದಾಗ ಪರಿಸ್ಥಿತಿ ಬೇರೆಯಾಗಲು ಒಂದು ಮುಖ್ಯ ಕಾರಣ ಅವನ ಹಡಗಿನಲ್ಲಿದ್ದ ಟುಪಾಯಾ. ಪಾಲಿನೇಷ್ಯಾದ ಸೊಸೈಟಿ ದ್ವೀಪಗಳ ಈ ಅರ್ಚಕ ಮತ್ತು ನಾವಿಕನ ಮಾತು ಮಾವೊರಿಗಳಿಗೆ ಅರ್ಥವಾಗುತ್ತಿತ್ತು. ಪಠ್ಯಗಳು ಕುಕ್‌ಗೆ ಕೊಡುವ ಜಾಗದಲ್ಲಿ ಅರ್ಧವನ್ನಾದರೂ ಇವನಿಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ.

1840ರ ಫೆಬ್ರವರಿ 6ರಂದು ಬ್ರಿಟಿಷ್ ಸಿಂಹಾಸನ ಮತ್ತು ಮಾವೊರಿ ಮುಖಂಡರ ನಡುವೆ ಆದ ವೈಟಾಂಗಿ ಒಪ್ಪಂದವನ್ನು ತಾರೀಖಿಗಾಗಿ ಓದುವುದಕ್ಕಿಂತ ಪದಗಳಿಗಾಗಿ ಓದಬೇಕು. ಇಂಗ್ಲಿಷ್ ಪಾಠದ ಮೊದಲ ವಿಧಿಯಂತೆ ಮುಖಂಡರು ಸಾರ್ವಭೌಮತ್ವವನ್ನೇ ಬಿಟ್ಟುಕೊಡುತ್ತಾರೆ. ಮಾವೊರಿ ಪಾಠದಲ್ಲಿ ಆ ಜಾಗದಲ್ಲಿರುವುದು ‘ಕಾವನಟಂಗ’ ಎಂಬ ಪದ. ಗವರ್ನರ್ ಎಂಬ ಪದವನ್ನೇ ಮಾವೊರಿ ನಾಲಿಗೆಗೆ ಒಗ್ಗಿಸಿ ಕಟ್ಟಿದ ಈ ಪದಕ್ಕೆ ಆಡಳಿತ ನಡೆಸುವುದು ಎಂಬಷ್ಟೇ ಅರ್ಥ. ಎರಡನೆಯ ವಿಧಿಯಲ್ಲಿ ನೆಲ, ಊರು ಮತ್ತು ಅಮೂಲ್ಯವಾದ ಎಲ್ಲದರ ಮೇಲೆ ಮುಖಂಡರ ಪೂರ್ಣ ಒಡೆತನ, ‘ರಂಗಟಿರಟಂಗ’, ಅವರಲ್ಲೇ ಉಳಿಯುತ್ತದೆಂದು ಹೇಳಿದೆ. ಸಹಿ ಹಾಕಿದ 500ಕ್ಕೂ ಹೆಚ್ಚು ಮುಖಂಡರಲ್ಲಿ ಬಹುಪಾಲು ಜನ ಒಪ್ಪಿಕೊಂಡದ್ದು ಮಾವೊರಿ ಪಾಠವನ್ನು. ಇಲ್ಲಿ ಸಮುದ್ರ ಮತ್ತೆ ಬರುತ್ತದೆ. ಇಂಗ್ಲಿಷ್ ಪಾಠದ ಎರಡನೆಯ ವಿಧಿ ಮೀನುಗಾರಿಕೆಯನ್ನು ಹೆಸರಿಸಿಯೇ ಮಾವೊರಿಗಳಿಗೆ ಖಾತರಿಪಡಿಸಿದ್ದರೂ ಕಾಲಕ್ರಮದಲ್ಲಿ ಆ ಹಕ್ಕು ಅವರ ಕೈ ತಪ್ಪಿತು. 1975ರಲ್ಲಿ ಸ್ಥಾಪನೆಯಾದ ವೈಟಾಂಗಿ ನ್ಯಾಯಮಂಡಳಿಗೆ 1985ರಲ್ಲಿ 1840ರಿಂದ ಈಚಿನ ಎಲ್ಲ ಹಳೆಯ ಅನ್ಯಾಯಗಳನ್ನೂ ವಿಚಾರಿಸುವ ಅಧಿಕಾರ ದೊರೆತ ಬಳಿಕ ಈ ವಾದ ಬಲಗೊಂಡು, 1992ರ ಕಾನೂನಿನ ಮೂಲಕ ವಾಣಿಜ್ಯ ಮೀನುಗಾರಿಕೆಯಲ್ಲಿ ಮಾವೊರಿಗಳಿಗೆ ಪಾಲು ಸಿಕ್ಕಿತು.

ಆಳಸಾಗರದ ವಿಷಯದಲ್ಲಿ ದೇಶದ ಈಶಾನ್ಯಕ್ಕಿರುವ ಕೆರ್ಮಡೆಕ್ ಕಂದಕದ ಆಳ 10,000 ಮೀಟರ್ ಮೀರುತ್ತದೆ ಎಂಬುದನ್ನು ಗುರುತು ಹಾಕಿಕೊಂಡರೆ ಸಾಕು; ಅದು ಹುಟ್ಟಿದ್ದು ಮೇಲೆ ಹೇಳಿದ, ಪೆಸಿಫಿಕ್ ಫಲಕ ಅಡಿಗೆ ಜಾರುವ ಕ್ರಿಯೆಯಿಂದಲೇ. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ದಕ್ಷಿಣ ದ್ವೀಪದ ಪೂರ್ವ ತೀರದ ಕೈಕೋರಾದಲ್ಲಿ. ಅಲ್ಲಿ ಸಮುದ್ರದಡಿಯ ಕಮರಿಯೊಂದು ದಡದ ತೀರಾ ಸಮೀಪಕ್ಕೆ ಬರುವುದರಿಂದ ಆಳದ ಸ್ಕ್ವಿಡ್‌ಗಳನ್ನು ತಿನ್ನುವ ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ದಡದ ಬಳಿಯೇ ಕಾಣಸಿಗುತ್ತವೆ. 2016ರ ನವೆಂಬರ್ 14ರ 7.8 ತೀವ್ರತೆಯ ಭೂಕಂಪದಲ್ಲಿ ತೀರದ ಕೆಲವು ಭಾಗ ಹಲವು ಮೀಟರ್ ಮೇಲೆದ್ದು, ಬಂಡೆಗಳಿಗೆ ಅಂಟಿದ್ದ ಪಾವಾ ಚಿಪ್ಪುಜೀವಿಗಳೂ ಕಡಲಕಳೆಯೂ ಬಿಸಿಲಿಗೆ ತೆರೆದುಕೊಂಡವು. ಅದೇ ಹೊತ್ತಿಗೆ ಕಮರಿಯ ಕೆಸರು ಸಡಿಲಗೊಂಡು, ಪ್ರವಾಹವಾಗಿ ಸಮುದ್ರತಳದಲ್ಲಿ ನೂರಾರು ಕಿ.ಮೀ. ದೂರ ಹರಿಯಿತು.

ಈ ನೀರಿನಲ್ಲಿರುವ ಜೀವಿಗಳಲ್ಲಿ ಸ್ಪೇಡ್ ಹಲ್ಲಿನ ತಿಮಿಂಗಿಲದಷ್ಟು ಅಪರೂಪದ್ದು ಬೇರೆ ಸಿಗುವುದು ಕಷ್ಟ. ಚಾಥಮ್ ದ್ವೀಪಸಮೂಹದಲ್ಲಿ ಸಿಕ್ಕ ದವಡೆಯೊಂದನ್ನು ಆಧರಿಸಿ 1874ರಲ್ಲಿ ಅದನ್ನು ಮೊದಲು ವಿವರಿಸಲಾಯಿತು. ಆಮೇಲೆ ಒಂದೂವರೆ ಶತಮಾನದಲ್ಲಿ ಬೆರಳೆಣಿಕೆಯಷ್ಟು ಅವಶೇಷಗಳು ಮಾತ್ರ ಸಿಕ್ಕವು. 2024ರ ಜುಲೈಯಲ್ಲಿ ಒಟಾಗೊ ತೀರಕ್ಕೆ ಸುಮಾರು 5 ಮೀಟರ್ ಉದ್ದದ ಗಂಡು ತಿಮಿಂಗಿಲವೊಂದು ಸತ್ತು ಬಂದು ಬಿದ್ದಾಗ, ಇಡೀ ದೇಹವನ್ನು ಶೀತಲಗೃಹದಲ್ಲಿಟ್ಟು, ಅದೇ ವರ್ಷದ ಡಿಸೆಂಬರಿನಲ್ಲಿ ಡನೀಡಿನ್ ಬಳಿ ವಿಜ್ಞಾನಿಗಳೂ ಆ ತೀರದ ಮಾವೊರಿ ಸಮುದಾಯದವರೂ ಜೊತೆಗೂಡಿ ಶವಚ್ಛೇದನ ನಡೆಸಿದರು. ಹೊಟ್ಟೆಯಲ್ಲಿ ಒಂಬತ್ತು ಕೋಣೆಗಳಿದ್ದವು, ಒಳಗೆ ಸ್ಕ್ವಿಡ್‌ಗಳ ಕೊಕ್ಕುಗಳು ಸಿಕ್ಕವು. ಅಸ್ಥಿಪಂಜರವನ್ನು ವಸ್ತುಸಂಗ್ರಹಾಲಯಕ್ಕೆ ಮೀಸಲಿಟ್ಟು, ದವಡೆಯ ಮೂಳೆಯನ್ನು ಆ ಮಾವೊರಿ ಸಮುದಾಯದ ಬಳಿಯೇ ಉಳಿಸಲಾಯಿತು.