ಪೆಗ್ಗಿ ಆಶ್‌ಕ್ರಾಫ್ಟ್: 77ನೇ ವಯಸ್ಸಿನ ಆಸ್ಕರ್ ಹಿಂದಿನ ಅರುವತ್ತು ವರ್ಷ

1985ರಲ್ಲಿ ಪೋಷಕ ನಟಿ ಆಸ್ಕರ್ ಬ್ರಿಟಿಷ್ ರಂಗನಟಿ ಪೆಗ್ಗಿ ಆಶ್‌ಕ್ರಾಫ್ಟ್ ಅವರಿಗೆ ಬಂದಾಗ ಅವರ ವಯಸ್ಸು 77. ಆ ಪ್ರಶಸ್ತಿಯನ್ನು ಅಷ್ಟು ವಯಸ್ಸಾದ ಮೇಲೆ ಗೆದ್ದವರು ಇವತ್ತಿಗೂ ಬೇರೆ ಯಾರಿಲ್ಲ. ಇಷ್ಟು ದೊಡ್ಡ ನಟಿಯನ್ನು ಸಿನಿಮಾ ಲೋಕ ಇಷ್ಟು ತಡವಾಗಿ ಗುರುತಿಸಿದ್ದೇಕೆ?

ಉತ್ತರ ಸರಳ. ಅವರು ಸಿನಿಮಾದ ಹಿಂದೆ ಹೋಗಲೇ ಇಲ್ಲ.

ಹುಟ್ಟಿದ್ದು 1907ರಲ್ಲಿ, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ಅಪ್ಪ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ನಟನೆ ಕಲಿಯುವಾಗ, ಮುಂದೆ ದೊಡ್ಡ ನಟನಾದ ಲಾರೆನ್ಸ್ ಒಲಿವಿಯರ್ ಸಹಪಾಠಿ. 1930ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ 'ಒಥೆಲೊ' ನಾಟಕ. ಒಥೆಲೊ ಆಗಿದ್ದವರು ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್. ಒಥೆಲೊನ ಹೆಂಡತಿ ಡೆಸ್ಡಿಮೋನ ಆಗಿದ್ದವರು ಪೆಗ್ಗಿ, ಆಗಿನ್ನೂ 22 ವರ್ಷ. ಕಪ್ಪು ನಟನೊಬ್ಬ ಬಿಳಿಯ ನಟಿಗೆ ಮುತ್ತಿಡುವುದೇ ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ರೋಬ್ಸನ್ ಜೊತೆ ನಟಿಸುವುದೇ ತನ್ನ ಭಾಗ್ಯ ಎಂಬ ಅರ್ಥದ ಮಾತನ್ನು ಪೆಗ್ಗಿ ಹೇಳಿದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಮುಂದೆ ಅವರು ಅನ್ಯಾಯದ ವಿರುದ್ಧ ಬಾಯಿಬಿಟ್ಟು ಮಾತಾಡುವ ಕಲಾವಿದೆಯಾದದ್ದರ ಬೇರು ಇಲ್ಲೇ ಇದೆ ಅನ್ನಿಸುತ್ತದೆ.

1935ರಲ್ಲಿ ಅವರು ಜೂಲಿಯೆಟ್. ಇನ್ನೊಬ್ಬ ದೊಡ್ಡ ರಂಗನಟ ಜಾನ್ ಗಿಲ್‌ಗುಡ್ ಮತ್ತು ಒಲಿವಿಯರ್ ರೋಮಿಯೋ ಪಾತ್ರವನ್ನು ಸರದಿಯ ಮೇಲೆ ಮಾಡಿದರು. ಅದೇ ವರ್ಷ ಹಿಚ್‌ಕಾಕ್ ಚಿತ್ರವೊಂದರಲ್ಲಿ ರೈತನ ಹೆಂಡತಿಯಾಗಿ ಸ್ವಲ್ಪ ಹೊತ್ತು ಕಂಡರು. ಆ ದಾರಿ ಹಿಡಿದಿದ್ದರೆ ತಾರೆಯಾಗಬಹುದಿತ್ತು, ಅಲ್ವಾ? ಆದರೆ ಅವರಿಗೆ ಬೇಕಿದ್ದದ್ದು ಒಂದೇ: ಒಟ್ಟಿಗೆ ಬೆಳೆಯುವ, ಕಾಯಂ ಆದ ನಾಟಕ ತಂಡ. 1961ರಲ್ಲಿ ನಿರ್ದೇಶಕ ಪೀಟರ್ ಹಾಲ್ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಕಟ್ಟಿದಾಗ ಜೊತೆಗೆ ನಿಂತವರಲ್ಲಿ ಪೆಗ್ಗಿ ಮುಖ್ಯರು. ಅಷ್ಟು ಹೆಸರಿದ್ದವರು ಹೊಸ ಕಂಪನಿಗೆ ಸೇರಿದ್ದೇ ಅದಕ್ಕೆ ಬಲವಾಯಿತು.

ಆ ಕಂಪನಿಯಲ್ಲೇ 1963ರಲ್ಲಿ 'ವಾರ್ಸ್ ಆಫ್ ದಿ ರೋಸಸ್'. ಶೇಕ್ಸ್‌ಪಿಯರ್‌ನ ನಾಲ್ಕು ಚರಿತ್ರೆ ನಾಟಕಗಳನ್ನು ಮೂರಕ್ಕೆ ಇಳಿಸಿದ್ದರು. ಮಾರ್ಗರೇಟ್ ರಾಣಿಯಾಗಿ ಪೆಗ್ಗಿ ಹರೆಯದ ಹುಡುಗಿಯಿಂದ ಶಾಪ ಹಾಕುವ ಮುದುಕಿಯವರೆಗೆ ಬೆಳೆಯಬೇಕಿತ್ತು. ಅವರಿಗಾಗಲೇ 55. ಒಂದು ದೃಶ್ಯದಲ್ಲಿ ಮಾರ್ಗರೇಟ್ ಸೆರೆಸಿಕ್ಕ ಶತ್ರು ಯಾರ್ಕ್‌ನ ಮುಂದೆ, ಅವನ ಸತ್ತ ಮಗನ ರಕ್ತದಲ್ಲಿ ಅದ್ದಿದ ಬಟ್ಟೆ ಹಿಡಿದು ಹಂಗಿಸುತ್ತಾಳೆ. ಮಗನನ್ನು ಕಳೆದುಕೊಂಡ ಅಪ್ಪನಿಗೆ ಕಣ್ಣೀರು ಒರೆಸಿಕೋ ಅನ್ನುತ್ತಾಳೆ. ಪೆಗ್ಗಿಯ ಮಾರ್ಗರೇಟ್‌ಳನ್ನು ಬರೀ ರಾಕ್ಷಸಿ ಎಂದು ತಳ್ಳಿಹಾಕಲು ಆಗುವುದಿಲ್ಲ. ಸೋಲು ಆಕೆಯನ್ನೂ ತಿಂದುಹಾಕಿದೆ ಎಂದು ಮುಖದಲ್ಲೇ ಗೊತ್ತಾಗುತ್ತದೆ.

ಎಪ್ಪತ್ತು ದಾಟಿದ ಮೇಲೆ ಭಾರತ ಅವರನ್ನು ಕರೆಯಿತು. ಮೊದಲು ಬ್ರಿಟಿಷ್ ಟಿವಿ ಧಾರಾವಾಹಿ 'ದಿ ಜ್ಯುವೆಲ್ ಇನ್ ದಿ ಕ್ರೌನ್'. ಅದರ ಬೆನ್ನಲ್ಲೇ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ'. ನನಗೆ 75 ಎಂದು ಪೆಗ್ಗಿ ಹಿಂಜರಿದರೆ, ನನಗೂ ಅಷ್ಟೇ ಎಂದರಂತೆ ಲೀನ್. ಈ ಚಿತ್ರದ ಕಥೆಯಲ್ಲಿ ಮುಖ್ಯವಾದ ಗುಹೆಗಳಿರುವುದು ಬಿಹಾರದ ಕಡೆ, ಆದರೆ ಆ ದೃಶ್ಯಗಳನ್ನು ತೆಗೆದದ್ದು ನಮ್ಮ ಸಾವನದುರ್ಗ, ರಾಮದೇವರಬೆಟ್ಟದ ಬಂಡೆಗಳಲ್ಲಿ. ಆಸ್ಕರ್ ತಂದದ್ದು ಈ ಚಿತ್ರದ ಮಿಸೆಸ್ ಮೂರ್ ಪಾತ್ರವೇ. ಸಮಾರಂಭಕ್ಕೆ ಪೆಗ್ಗಿ ಹೋಗಲಿಲ್ಲ. ನಟಿ ಏಂಜೆಲಾ ಲ್ಯಾನ್ಸ್‌ಬರಿ ಪೆಗ್ಗಿ ಪರವಾಗಿ ಪ್ರಶಸ್ತಿ ತೆಗೆದುಕೊಂಡರು.

1991ರಲ್ಲಿ ಪೆಗ್ಗಿ ತೀರಿಕೊಂಡರು. ಅವರ ಜೂಲಿಯೆಟ್, ಡೆಸ್ಡಿಮೋನ ನೋಡುವ ಭಾಗ್ಯ ನಮಗಿಲ್ಲ. ಆದರೆ ಮಾರ್ಗರೇಟ್ ರಾಣಿಯನ್ನು ಬಿಬಿಸಿ ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿತ್ತು. ಮಿಸೆಸ್ ಮೂರ್ ನೋಡಿ ಇಷ್ಟಪಟ್ಟವರು ಮುಂದೆ ನೋಡಬೇಕಾದದ್ದು ಅದನ್ನೇ.