ಬ್ರೋಕರ್‌ಗೆ ಗೊತ್ತಿತ್ತು, ಕಾನೂನು ಕೇಳಿದ್ದು ಮಾಲೀಕನನ್ನು

ದಾವಣಗೆರೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅಡಿಪಾಯ ಸರಿಯಿಲ್ಲದ ಮನೆಯ ಗೋಡೆ ಸೀಳುವುದು ಇದರಿಂದಲೇ. ಮನೆ ಮಾರಾಟಕ್ಕಿಟ್ಟಾಗ ಸೀಳಿಗೆ ಪುಟ್ಟಿ ತುಂಬಿ, ಎರಡು ಕೋಟ್ ಬಣ್ಣ ಬಳಿದರೆ ಮುಗಿಯಿತು. ಕೊಳ್ಳುವವರಿಗೆ ಕಾಣದಿದ್ದರೂ ಅದೇ ಬೀದಿಯಲ್ಲಿ ಓಡಾಡುವ ಬ್ರೋಕರ್‌ಗೆ ಗೊತ್ತಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಹೊಣೆ ಅವರಿಗಿದೆಯೇ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಆ ಹೊಣೆ ಹೊರಿಸಿದ್ದು ಮಾರುವವರ ಮೇಲೆ. ತಮಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಅವರು ತಿಳಿಸಲೇಬೇಕು, ಮುಚ್ಚಿಟ್ಟರೆ ವಂಚನೆ. ದಲ್ಲಾಳಿಯ ಸುದ್ದಿ ಅಲ್ಲಿಲ್ಲ. ಅದಕ್ಕೂ ಹಿಂದಿನ 1872ರ ಕರಾರು ಕಾಯ್ದೆ, ಏಜೆಂಟ್ ತನ್ನ ಕೆಲಸದ ಭಾಗವಾಗಿ ಹೇಳಿದ ಸುಳ್ಳನ್ನು ಮಾಲೀಕನೇ ಹೇಳಿದಂತೆ ಪರಿಗಣಿಸುತ್ತದೆ. ಮಾತು ಮಾಲೀಕನ ಲೆಕ್ಕಕ್ಕೆ, ಕಮಿಷನ್ ಮಾತ್ರ ಬ್ರೋಕರ್ ಜೇಬಿಗೆ!

ಗೋಡೆಯನ್ನಾದರೂ ರಿಪೇರಿ ಮಾಡಿಸಬಹುದು. ಕಾಗದದ ದೋಷವಿದ್ದರೆ ಸೈಟೇ ಕೈಬಿಟ್ಟೀತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಮಾರಿದರೆ, 1978ರ ಪಿಟಿಸಿಎಲ್ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಕಾಯ್ದೆಯಡಿ ಆ ಮಾರಾಟ ಅನೂರ್ಜಿತ. ಜಮೀನು ವಾಪಸ್ ಕೇಳಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಭೂಮಿ ಕಳೆದುಕೊಂಡ ಕುಟುಂಬಗಳ ಪಾಲಿಗೆ ಅದು ನ್ಯಾಯವೇ. ಆದರೆ ಚಿತ್ರದುರ್ಗದ ಅಂಚಿನಲ್ಲಿ ಸೈಟು ಕೊಳ್ಳುವವರು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನಿಶ್ಚಿಂತರಾಗುತ್ತಾರೆ. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು. ತಹಶೀಲ್ದಾರರ ಹಳೇ ಮಂಜೂರಾತಿ ಆದೇಶವನ್ನು ತಾಲ್ಲೂಕು ಕಚೇರಿಯಲ್ಲೇ ಹುಡುಕಬೇಕು. ‘ಅದು ಗ್ರ್ಯಾಂಟ್ ಜಮೀನು’ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ, ದುಡ್ಡು ಕೊಡುವವರಿಗೆ ಬಿಟ್ಟು.

ಬ್ರೋಕರ್‌ಗಳನ್ನು ನೇರವಾಗಿ ಹೊಣೆಗಾರರನ್ನಾಗಿಸಿದ್ದು 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ನೋಂದಣಿಯಿಲ್ಲದೆ ದಲ್ಲಾಳಿ ಕೆಲಸ ಮಾಡುವಂತಿಲ್ಲ, ಸುಳ್ಳು ಭರವಸೆ ಕೊಡುವಂತಿಲ್ಲ, ಗ್ರಾಹಕರಿಗೆ ಸಲ್ಲಬೇಕಾದ ದಾಖಲೆಗಳನ್ನು ಬುಕಿಂಗ್ ವೇಳೆ ಒದಗಿಸಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಆಸ್ತಿ ಬೆಲೆಯ ಶೇ 5ರವರೆಗೆ. ಆದರೆ ಇದೆಲ್ಲ ರೇರಾದಲ್ಲಿ ನೋಂದಣಿಯಾಗಬೇಕಾದ ಲೇಔಟ್, ಅಪಾರ್ಟ್‌ಮೆಂಟ್‌ಗಳಿಗೆ. ಕೈಬದಲಾಗುವ ಹಳೇ ಮನೆಗೆ, ಬಿಡಿ ಸೈಟಿಗೆ ಈಗಲೂ 1882ರ ಸೆಕ್ಷನ್ನೇ ಆಸರೆ. ನಮ್ಮಂಥ ಊರುಗಳಲ್ಲಿ ಬ್ರೋಕರ್‌ಗಳು ಓಡಾಡುವುದೇ ಇಂಥವುಗಳ ಹಿಂದೆ ಎಂಬುದನ್ನು ಕಾಯ್ದೆ ಮಾಡಿದವರು ಮರೆತಂತಿದೆ.

ಹೀಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಬ್ರೋಕರ್‌ನನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳುವುದು ಲೇಸು: ಗ್ರ್ಯಾಂಟ್ ಜಮೀನಾ? ಗೋಡೆ ರಿಪೇರಿ ಆಗಿದೆಯಾ? ಹೇಳುವ ಹೊಣೆಯಿಲ್ಲದವರು ಬರೀ ಸುಮ್ಮನಿದ್ದದ್ದು ಸಾಮಾನ್ಯವಾಗಿ ವಂಚನೆಯಲ್ಲ ಎನ್ನುತ್ತದೆ ಕರಾರು ಕಾಯ್ದೆಯ 17ನೇ ಸೆಕ್ಷನ್. ಕೇಳಿದಾಗ ಗೊತ್ತಿದ್ದೂ ‘ಇಲ್ಲ’ ಎಂದರೆ ಆ ರಕ್ಷಣೆ ಸಿಗದು.