ಹಾರ್ಮೋನಿಗೊಂದು ಫೋಲ್ಡರ್ ಸಾಕಾಗಲ್ಲ

ಕಿಡ್ನಿಯನ್ನು ಹಾರ್ಮೋನುಗಳು ಹೇಗೆ ನಿಯಂತ್ರಿಸುತ್ತವೆ ಎಂದು ಓದಲು ಶುರು ಮಾಡಿದವರು ಸಾಮಾನ್ಯವಾಗಿ ಹಾರ್ಮೋನಿಗೊಂದು ಫೋಲ್ಡರ್ ಮಾಡಿಕೊಳ್ಳುತ್ತಾರೆ. ದೇಹದಲ್ಲಿ ನೀರು ಉಳಿಸುವ ವಾಸೊಪ್ರೆಸಿನ್‌ಗೆ ಒಂದು, ಸೋಡಿಯಂ ಉಳಿಸುವ ಅಲ್ಡೋಸ್ಟಿರಾನ್‌ಗೆ ಇನ್ನೊಂದು. ಪರೀಕ್ಷೆಗೆ ಇಷ್ಟು ಸಾಕು. ಸಂಶೋಧನೆಗೆ ಇಳಿದ ಮೇಲೆ ಈ ಜೋಡಣೆ ಬೇಗ ಕೈಕೊಡುತ್ತದೆ. ಹೊಸದಾಗಿ ಸೇರಿದವರಿಗೆ ನಾನು ಹೇಳುವುದು: ಓದಿದ್ದನ್ನು ಒಂದು ಕೋಷ್ಟಕದಲ್ಲಿ ಬರೆದಿಡಿ, ಮೊದಲ ಕಾಲಂನಲ್ಲಿ ಕಿಡ್ನಿಯೊಳಗಿನ ಜಾಗ ಬರೆಯಿರಿ, ಆಮೇಲೆ ಹಾರ್ಮೋನು.

ಪ್ಯಾರಾಥೈರಾಯ್ಡ್ ಹಾರ್ಮೋನನ್ನೇ ನೋಡಿ. ಕಿಡ್ನಿಯಲ್ಲಿ ಮೂತ್ರ ತಯಾರಾಗುವ ಸಣ್ಣ ನಾಳವಾದ ನೆಫ್ರಾನಿನ ಮೊದಲ ಭಾಗದಲ್ಲಿ ಅದು ಫಾಸ್ಫೇಟ್ ವಾಪಸ್ ರಕ್ತಕ್ಕೆ ಹೋಗದಂತೆ ತಡೆಯುತ್ತದೆ. ಮುಂದಿನ ಡಿಸ್ಟಲ್ ಭಾಗದಲ್ಲಿ ಕ್ಯಾಲ್ಸಿಯಂ ವಾಪಸ್ ಹೋಗುವುದನ್ನು ಹೆಚ್ಚಿಸುತ್ತದೆ. 'ಕಿಡ್ನಿಯ ಮೇಲೆ ಪರಿಣಾಮ' ಎಂದು ಒಂದೇ ಸಾಲಿನಲ್ಲಿ ಬರೆದರೆ ಯಾವ ಕೋಶ ಏನು ಮಾಡಿತು ಅನ್ನುವುದೇ ಕಳೆದುಹೋಗುತ್ತದೆ.

ಎರಡನೆಯ ಕಾಲಂ ಸಮಯದ್ದು. ವಾಸೊಪ್ರೆಸಿನ್ ಬಂದಾಗ ಮೂತ್ರ ಕೊನೆಗೆ ಬಂದು ಸೇರುವ ಕಲೆಕ್ಟಿಂಗ್ ಡಕ್ಟ್‌ನ ಕೋಶಗಳಲ್ಲಿ ಒಳಗಿರುವ, ನೀರು ಹಾಯಲು ಬಿಡುವ ಅಕ್ವಾಪೊರಿನ್-2 ಎಂಬ ಪ್ರೋಟೀನು ನಿಮಿಷಗಳಲ್ಲೇ ಹೊರಪೊರೆಗೆ ಸರಿಯುತ್ತದೆ, ನೀರು ವಾಪಸ್ ಹೋಗಲು ದಾರಿಯಾಗುತ್ತದೆ. ಹಾರ್ಮೋನು ದಿನಗಟ್ಟಲೆ ಜಾಸ್ತಿಯೇ ಇದ್ದರೆ ಆ ಪ್ರೋಟೀನಿನ ಒಟ್ಟು ಪ್ರಮಾಣವೇ ಏರುತ್ತದೆ. ಇವೆರಡೂ ಬೇರೆ ಬೇರೆ ಸಾಲುಗಳು. ಕ್ಲಿನಿಕ್ಕಿನಲ್ಲಿ ಈ ವ್ಯತ್ಯಾಸ ಎದುರಾಗುತ್ತಲೇ ಇರುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಔಷಧಿಯನ್ನು ಬಹಳ ಕಾಲ ತೆಗೆದುಕೊಂಡ ಕೆಲವರಲ್ಲಿ ರಕ್ತದಲ್ಲಿ ವಾಸೊಪ್ರೆಸಿನ್‌ಗೆ ಕೊರತೆ ಇರುವುದಿಲ್ಲ, ಆದರೂ ಲೀಟರ್‌ಗಟ್ಟಲೆ ತೆಳು ಮೂತ್ರ ಹೋಗುತ್ತದೆ. ಲಿಥಿಯಂನಿಂದ ಅಕ್ವಾಪೊರಿನ್-2ರ ಪ್ರಮಾಣವೇ ಇಳಿದಿರುವುದು ಇದಕ್ಕೆ ಮುಖ್ಯ ಕಾರಣ.

ಆಮೇಲೆ ಪುರಾವೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ತಲೆನೋವಿನ ಕಾಲಂ ಇದೇ. ಅಕ್ವಾಪೊರಿನ್-2ರ 256ನೇ ಅಮೈನೊ ಆಮ್ಲವಾದ ಸೆರಿನ್‌ಗೆ ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವ ಫಾಸ್ಫೇಟ್ ಸೇರಿಸುತ್ತದೆ ಎಂದು ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತವೆ. ಪ್ರನಾಳದಲ್ಲಿ ಅದು ಸೇರಿಸಬಲ್ಲದು ಅನ್ನುವುದು ಒಂದು ಮಾತು. ಬದುಕಿರುವ ಕೋಶದೊಳಗೆ ಆ ಕೆಲಸ ಮಾಡುವುದು ಅದೇ ಅನ್ನುವುದು ಬೇರೆಯೇ ಮಾತು. ಆ ಕೈನೇಸನ್ನು ತಡೆಯಲು ಬಳಸುವ ಎಚ್-89 ಎಂಬ ರಾಸಾಯನಿಕ ಇನ್ನೂ ಕೆಲವು ಕೈನೇಸ್‌ಗಳನ್ನು ತಡೆಯುತ್ತದೆ. ಹಾಗಾಗಿ ಪ್ರನಾಳವೋ, ಬೆಳೆಸಿದ ಕೋಶವೋ, ಇಡೀ ಪ್ರಾಣಿಯೋ, ಯಾವ ತಡೆಮದ್ದು, ಎಷ್ಟು ಡೋಸು, ಎಲ್ಲ ಬರೆದಿಡಬೇಕು. ಪ್ರಾಣಿ ಯಾವುದು ಅನ್ನುವುದೂ ಸುಮ್ನೆ ಅಲ್ಲ. ಮನುಷ್ಯನ ಮೂತ್ರ ಹೆಚ್ಚೆಂದರೆ ಸುಮಾರು 1,200 ಮಿಲಿಆಸ್ಮೋಲ್‌ನಷ್ಟು (ಕರಗಿದ ಕಣಗಳ ಅಳತೆ) ಗಟ್ಟಿಯಾಗುತ್ತದೆ, ಇಲಿಯದು ಅದರ ಎರಡರಷ್ಟಕ್ಕಿಂತ ಹೆಚ್ಚು.

ಪರಿಸ್ಥಿತಿಗೂ ಒಂದು ಕಾಲಂ ಬೇಕು. ಅಲ್ಡೋಸ್ಟಿರಾನ್ ಸೋಡಿಯಂ ಉಳಿಸುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ ಎಂದು ಎಲ್ಲರೂ ಓದಿರುತ್ತೇವೆ. ಆದರೆ ರಕ್ತದ ಪರಿಮಾಣ ಕುಸಿದಾಗ ಪೊಟ್ಯಾಸಿಯಂ ಅಷ್ಟಾಗಿ ಕಳೆಯದೆ ಸೋಡಿಯಂ ಉಳಿಯುತ್ತದೆ. ಪೊಟ್ಯಾಸಿಯಂ ಏರಿದಾಗ ಸೋಡಿಯಂ ಅಷ್ಟಾಗಿ ಉಳಿಯದೆ ಪೊಟ್ಯಾಸಿಯಂ ಹೋಗುತ್ತದೆ. ಎರಡೂ ಸಲ ಅಲ್ಡೋಸ್ಟಿರಾನ್ ಜಾಸ್ತಿಯೇ! ಮೊದಲನೆಯದರಲ್ಲಿ ಆಂಜಿಯೊಟೆನ್ಸಿನ್-2 ಎಂಬ ಇನ್ನೊಂದು ಹಾರ್ಮೋನು ಕೂಡ ಏರಿರುತ್ತದೆ, ಎರಡನೆಯದರಲ್ಲಿ ಇಲ್ಲ. ಪಕ್ಕದ ಹಾರ್ಮೋನಿನ ಮಟ್ಟ ಬರೆಯದಿದ್ದರೆ ಎರಡು ಸರಿಯಾದ ಲೇಖನಗಳು ಒಂದನ್ನೊಂದು ಸುಳ್ಳೆನ್ನುವಂತೆ ಕಾಣುತ್ತವೆ.

ಹಳೆಯ ಲೇಖನಗಳನ್ನು ಹುಡುಕುವಾಗ ಒಂದು ಎಚ್ಚರಿಕೆ ಬೇಕು. ಅಕ್ವಾಪೊರಿನ್-2ರ ಜೀನ್ ಗೊತ್ತಾಗಿದ್ದು 1993ರಲ್ಲಿ. ಮಾರಿಸ್ ಬರ್ಗ್ ಮತ್ತು ಸಂಗಡಿಗರು ಮೊಲದ ಕಿಡ್ನಿಯಿಂದ ಒಂದೊಂದೇ ಸಣ್ಣ ನಾಳ ಬಿಡಿಸಿ ತೆಗೆದು, ಅದರೊಳಗೆ ದ್ರವ ಹರಿಸಿ ಅಳೆಯುವ ವಿಧಾನವನ್ನು ಪ್ರಕಟಿಸಿದ್ದು 1966ರಲ್ಲಿ. ನಡುವಿನ ವರ್ಷಗಳ ಒಳ್ಳೆಯ ಅಳತೆಗಳೆಲ್ಲ 'ನೀರಿನ ಪಾರಗಮ್ಯತೆ' (ನಾಳದ ಗೋಡೆಯ ಮೂಲಕ ನೀರು ಎಷ್ಟು ಸುಲಭವಾಗಿ ಹಾಯುತ್ತದೆ ಎಂಬುದು) ಎಂಬ ಹೆಸರಿನಲ್ಲಿವೆ. ಅಕ್ವಾಪೊರಿನ್ ಎಂದು ಮಾತ್ರ ಹುಡುಕಿದರೆ ಅವು ಸಿಗುವುದೇ ಇಲ್ಲ. ಅಣುವಿನ ಹೆಸರಿನ ಜೊತೆ, ನಿಜವಾಗಿ ಅಳೆದದ್ದು ಏನು ಎಂಬುದನ್ನೂ ಒಂದು ಕಾಲಂನಲ್ಲಿ ಬರೆಯಿರಿ. ಆಗ 1970ರ ದಶಕದ ಮೊಲದ ನಾಳವೂ ಈಗಿನ ಇಲಿಯ ಪ್ರೋಟೀನ್ ಪಟ್ಟಿಯೂ ಒಂದೇ ಹುಡುಕಾಟದಲ್ಲಿ ಸಿಗುತ್ತವೆ.